ದಾರಿ ತಂದ ಮಣಿ, ಪಡಸಾಲೆಯ ಕಲೆ

2023ರ ಜುಲೈ 10ರಂದು ಹಂಪಿಯಲ್ಲಿ ಜಿ–20 ದೇಶಗಳ ಸಂಸ್ಕೃತಿ ಕಾರ್ಯಪಡೆ ಸಭೆ ಸೇರಿದ್ದಾಗ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಂದೇ ಕಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಅದರ ಹಿಂದೆ ಇದ್ದವರು ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು. ದಾಖಲೆಗೆ ವಸ್ತುಗಳ ಎಣಿಕೆ ಸಾಕು. ಒಂದೊಂದಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಕೂತು ಹೊಲಿದರು, ಆ ಬಣ್ಣ ಆ ಗೆರೆ ಹೊಳೆದದ್ದು ಹೇಗೆ ಎಂಬುದನ್ನು ಯಾರೂ ಎಣಿಸುವುದಿಲ್ಲ.

ಮಣಿ, ಕವಡೆ, ಕನ್ನಡಿ ಬಿಲ್ಲೆ ಹಿಡಿದು ಕೆಲಸ ಮಾಡುವವರ ಜಾಗ ಯಾವುದೆಂದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಸಂಡೂರು ಸೀಮೆಯಲ್ಲಿ ಹುಡುಕಿದರೆ ಅದಕ್ಕೆಂದೇ ಮೀಸಲಾದ ಕೋಣೆ ಸಿಗುವುದು ಅಪರೂಪ. ಪಡಸಾಲೆಯ ಒಂದು ಮೂಲೆ ಇದೆ, ಅಡುಗೆಗೂ ಹೊಲಕ್ಕೂ ನಡುವೆ ಉಳಿದ ಒಂದಿಷ್ಟು ಹೊತ್ತು ಇದೆ. ಸ್ಫೂರ್ತಿಯ ಮಾತಿಗೆ ಬಂದರೆ, ಊರ ಮುಂದೆ ಹಾದುಹೋಗುವ ದಾರಿ ಏನೇನು ತಂದು ಹಾಕಿತೋ ಅದೇ ಇಲ್ಲಿನ ಬಂಡವಾಳ. ಹೊಸಿಲು ದಾಟದೆ ಮಾಡುವ ಈ ಕೆಲಸದಲ್ಲಿ ಬಳಸುವ ಸಾಮಾನೆಲ್ಲ ದೂರದ್ದು. ಈ ಕಲೆಯ ಸ್ವಭಾವ ಅರ್ಥವಾಗಬೇಕಾದರೆ ಮನೆಯನ್ನೂ ನೋಡಬೇಕು, ದಾರಿಯನ್ನೂ ನೋಡಬೇಕು.

ಬೆಳಕಿನ ಹಿಂದೆ ಓಡಾಡುವ ಚಾಪೆ

ಬಳ್ಳಾರಿ ಸೀಮೆಯ ಹಳೇ ಮನೆಗಳು ಮಣ್ಣಿನ ಮಾಳಿಗೆಯವು. ಗೋಡೆ ದಪ್ಪ, ಕಿಟಕಿ ಕಮ್ಮಿ, ನೆತ್ತಿಯ ಮೇಲೊಂದು ಬೆಳಕಿಂಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಹೇಳಿ ಮಾಡಿಸಿದ ಮನೆ. ಸೂಜಿಗಣ್ಣಿಗೆ ದಾರ ಹಾಕುವವರಿಗೆ ಮಾತ್ರ ಒಳಗೆಲ್ಲ ಕತ್ತಲು. ಹಾಗಾಗಿ ಚಾಪೆ ಒಂದು ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಬಾಗಿಲ ಮುಂದಿನ ಕಟ್ಟೆ, ಬಿಸಿಲೇರಿದ ಮೇಲೆ ಬೆಳಕಿಂಡಿಯ ಕೆಳಗೆ, ಹೊತ್ತಿಳಿಯುವಾಗ ಬೇವಿನ ಮರದ ಬುಡ. ಆರ್‌ಸಿಸಿ ಮನೆ ಬಂದು ಟ್ಯೂಬ್‌ಲೈಟು ಬಂದ ಮೇಲೂ ಈ ಪದ್ಧತಿ ಪೂರ್ತಿ ಬಿಟ್ಟುಹೋಗಿಲ್ಲ, ಅದಕ್ಕೆ ಕಾರಣವೂ ಇದೆ. ದೀಪದ ಬೆಳಕಿನಲ್ಲಿ ಕಡುನೀಲಿ ಮಣಿ ಕಪ್ಪಾಗಿ ಕಾಣುತ್ತದೆ, ಮೆರೂನು ಕಂದಾಗಿ ಕಾಣುತ್ತದೆ. ಬಣ್ಣ ಆರಿಸುವುದನ್ನು ಹಗಲಲ್ಲೇ ಮುಗಿಸಿ, ಎಣಿಸಿ ಪೋಣಿಸುವ ಕೆಲಸವನ್ನಷ್ಟೇ ರಾತ್ರಿಗೆ ಉಳಿಸಿಕೊಳ್ಳುವುದು ಜಾಣತನ.

ಸಲಕರಣೆ ಎಂದರೆ ಮನೆಯಲ್ಲಿರುವುದೇ. ಸ್ಟೀಲ್ ತಟ್ಟೆಗೆ ಹಳೇ ಟವೆಲಿನ ತುಂಡು ಹಾಸಿದರೆ ಮಣಿ ಉರುಳದೆ ನಿಲ್ಲುತ್ತದೆ. ಸೂಜಿಯ ಮೊನೆ ತಾಗಿಸಿದರೆ ಹತ್ತಿಕೊಂಡು ಬರುತ್ತದೆ. ದಾರ ಸಿಕ್ಕಾಗದಂತೆ, ಗಾಜಿನ ಅಂಚಿಗೆ ಸವೆಯದಂತೆ ಜೇನುಮೇಣ ಸವರುತ್ತಾರೆ. ಬಣ್ಣಬಣ್ಣದ ಮಣಿಗೆ ಮಾತ್ರೆಯ ಡಬ್ಬಿ, ಉಪ್ಪಿನಕಾಯಿಯ ಬಾಟಲಿ. ಬಿದ್ದ ಸೂಜಿ ಹುಡುಕಲು ಹಳೇ ಸ್ಪೀಕರಿನ ಅಯಸ್ಕಾಂತ. ಕೂಸಿರುವ ಮನೆಯಲ್ಲಿ ಇದೆಲ್ಲ ಗೋಡೆಯ ಎತ್ತರದ ಗೂಡಿಗೆ ಸೇರುತ್ತದೆ. ಕೂಸು ಮಣಿ ಕಂಡರೆ ಮೂಗಿಗೋ ಕಿವಿಗೋ ತುರುಕಿಕೊಳ್ಳುತ್ತದೆ ಎಂಬುದು ತಾಯಂದಿರಿಗೆಲ್ಲ ಗೊತ್ತಿರುವ ಸಂಗತಿ. ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸಿದ ಕಣ್ಣಿಗೆ, ಕೇರಿದ ಕೈಗೆ ಸಣ್ಣ ಮಣಿಯ ನಡುವೆ ಸೊಟ್ಟದ್ದನ್ನು, ತೂತು ಮುಚ್ಚಿದ್ದನ್ನು ಹೆಕ್ಕುವುದು ಬೇರೆ ಕಲಿಕೆಯೇ ಅಲ್ಲ. ನಲವತ್ತು ದಾಟಿ ಚಾಳೀಸು ಬಂದಾಗ ಮನೆಯ ಹುಡುಗಿ ಸೂಜಿಗೆ ದಾರ ಹಾಕಿಕೊಡುತ್ತಾಳೆ. ಅವಳ ಪಾಠ ಶುರುವಾಗುವುದೂ ಅಲ್ಲಿಂದಲೇ.

ಲಂಬಾಣಿ ಕಸೂತಿಗೆ ಇಷ್ಟು ಜಾಗವೂ ಬೇಡ. ಚೌಕಟ್ಟಿನ ಹಂಗಿಲ್ಲದೆ, ಬಟ್ಟೆಯನ್ನು ಕೈಯಲ್ಲೇ ಹಿಡಿದು, ಹಾಸು ಹೊಕ್ಕು ಎಣಿಸುತ್ತ ಹೊಲಿಯುವ ರೂಢಿ ಅದು. ಸುತ್ತಿ ಗಂಟು ಕಟ್ಟಿದರೆ ಹೊಲದ ಬದುವಿಗೂ ಬಂತು, ದುಡಿಯಲು ಗುಳೆ ಹೋದಲ್ಲಿಗೂ ಬಂತು. ಎತ್ತಿನ ಬೆನ್ನ ಮೇಲೆ ಸಂಸಾರ ಹೇರಿಕೊಂಡು ನಡೆದವರ ಕಲೆ ನಡೆಯುತ್ತಲೇ ರೂಪ ಪಡೆಯಿತು.

ಬಳ್ಳಾರಿ ನಗರಕ್ಕಂತೂ ಮನೆಯೇ ಕಾರ್ಖಾನೆಯಾಗುವುದು ಹೊಸದಲ್ಲ. ಇಲ್ಲಿನ ಜೀನ್ಸ್ ಉದ್ಯಮದಲ್ಲಿ ಹೊಲಿಗೆಯ ಎಷ್ಟೋ ಕೆಲಸ, ದಾರ ಕತ್ತರಿಸುವ, ಗುಂಡಿ ಹಚ್ಚುವ ಕೆಲಸ ಮನೆಗಳಲ್ಲೇ ನಡೆಯುತ್ತದೆ. ಅಲ್ಲಿ ಉಳಿಯುವ ಜೀನ್ಸ್ ಚೂರು ಮಣಿ ಕೆಲಸಕ್ಕೆ ಒಳ್ಳೇ ಆಧಾರವಾಗುತ್ತದೆ: ದಪ್ಪ ಬಟ್ಟೆ ಮಣಿಯ ಭಾರ ತಡೆಯುತ್ತದೆ, ನೀಲಿಯ ಮೇಲೆ ಬಿಳಿ, ಹಳದಿ ಎದ್ದು ಕಾಣುತ್ತವೆ.

ಹನ್ನೊಂದನೇ ನಂಬರಿನ ಲೆಕ್ಕ

ಸಣ್ಣ ಗಾಜಿನ ಮಣಿಗೆ ಪೇಟೆಯಲ್ಲಿ ನಂಬರ್ ಇರುತ್ತದೆ. ನಂಬರ್ ಏರಿದಷ್ಟೂ ಮಣಿ ಸಣ್ಣದು. 8ನೇ ನಂಬರಿನದು ಸುಮಾರು 3 ಮಿ.ಮೀ., 11ನೆಯದು 2 ಮಿ.ಮೀ.ಗಿಂತ ತುಸು ದಪ್ಪ, 15ನೆಯದು ಒಂದೂವರೆ ಮಿ.ಮೀ. ಹೆಚ್ಚು ಬಳಕೆಯಲ್ಲಿರುವ 11ನೇ ನಂಬರಿನ ಮಣಿ ಒಂದು ಅಂಗುಲ ದಾರಕ್ಕೆ ಹದಿನೆಂಟರ ಆಸುಪಾಸು ಹಿಡಿಯುತ್ತದೆ. ಮೂರಡಿ ಬಾಗಿಲಿನ ತೋರಣಕ್ಕೆ ಅಡ್ಡದ ಒಂದು ಎಳೆಗೇ 648 ಮಣಿ ಬೇಕು. ಅರ್ಧ ಅಡಿಯ ಇಪ್ಪತ್ತು ಎಳೆ ಇಳಿಬಿಟ್ಟರೆ ಮತ್ತೆ 2,160. ಗಿಣಿ, ಹೂವು ಇನ್ನೂ ಬಂದೇ ಇಲ್ಲ, ಲೆಕ್ಕ ಆಗಲೇ 2,800 ದಾಟಿತು. ಒಂದೊಂದು ಮಣಿಯ ತೂತಿನೊಳಗೂ ಸೂಜಿ ಒಮ್ಮೆಯಾದರೂ ಹೋಗಬೇಕು. ಹೆಣಿಗೆಯಾದರೆ ಎರಡು ಮೂರು ಸಲ. ನಡುವೆ ಒಂದು ಮಣಿ ತಪ್ಪಿ ಬಿದ್ದರೆ ಎಳೆಯನ್ನೆಲ್ಲ ಬಿಚ್ಚುವ ಬದಲು ಆ ಮಣಿಯೊಂದನ್ನೇ ಇಕ್ಕಳದಲ್ಲಿ ಒಡೆದು ತೆಗೆಯುವ ಉಪಾಯವುಂಟು. ಒಡೆದ ಗಾಜು ದಾರ ಕೊಯ್ಯದಂತೆ ನೋಡಿಕೊಳ್ಳುವುದರಲ್ಲಿ ಇದೆ ಕೈಚಳಕ.

ಕರ್ನಾಟಕದ ಮನೆಗಳಲ್ಲಿ ಮಣಿ ಕೆಲಸಕ್ಕೆ ಹಳೇ ನಂಟು. ಬಾಗಿಲಿಗೆ ತೋರಣ, ತೊಟ್ಟಿಲಿಗೆ ಇಳಿಬಿಡುವ ಗಿಣಿಗೊಂಚಲು, ಮದುವೆಯ ಕಳಸಕ್ಕೂ ತೆಂಗಿನಕಾಯಿಗೂ ಹೊದಿಸುವ ಮಣಿಬಲೆ, ಬೀಸಣಿಗೆ, ಪಗಡೆಯ ಹಾಸು. ಪಗಡೆ ಹಾಸಿನ ಚೌಕಮನೆಗಳು ಮಣಿಯ ಎಣಿಕೆಗೆ ಚೆನ್ನಾಗಿ ಒಗ್ಗಿದವು. ನಕ್ಷೆಯ ಕಾಗದ ಇಲ್ಲದ ಕಾಲದಲ್ಲಿ ಈ ವಿನ್ಯಾಸಗಳು ಬಾಯಿಲೆಕ್ಕದಲ್ಲೇ ಮನೆಯಿಂದ ಮನೆಗೆ ದಾಟಿದವು: ಮೂರು ಕೆಂಪು, ಒಂದು ಬಿಳಿ, ಮತ್ತೆ ಮೂರು ಕೆಂಪು. ರಂಗೋಲಿಯ ಚುಕ್ಕಿ ಇಡುವವರಿಗೆ ಈ ಲೆಕ್ಕ ಕಷ್ಟವಾಗುವುದಿಲ್ಲ.

ಮಣಿ ಬರುವುದು ಎಲ್ಲಿಂದ? ಉತ್ತರ ಪ್ರದೇಶದ ಪುರದಿಲ್‌ನಗರ, ಜೆಕ್ ದೇಶದ ಯಾಬ್ಲೊನೆಟ್ಸ್, ಜಪಾನಿನ ಹಿರೋಶಿಮಾ. ನಮಗೆ ಹತ್ತಿರದ ಹೆಸರೊಂದಿದೆ: ತಿರುಪತಿ ಸೀಮೆಯ ಪಾಪಾನಾಯುಡುಪೇಟ. ಕುಲುಮೆಯಲ್ಲಿ ಕರಗಿದ ಗಾಜಿನ ಮುದ್ದೆಯ ನಡುವೆ ಟೊಳ್ಳು ಮಾಡಿ ಉದ್ದಕ್ಕೆ ಎಳೆಯುತ್ತಾರೆ. ಅದು ಸಣ್ಣ ಕೊಳವೆಯಾಗುತ್ತದೆ. ಕೊಳವೆಯನ್ನು ಚೂರು ಮಾಡಿ, ಬೂದಿಯೊಡನೆ ಬಿಸಿ ಮಾಡಿದರೆ ಅಂಚು ನುಣುಪಾಗಿ ಮಣಿಯಾಗುತ್ತದೆ. ಬೂದಿ ತೂತಿನೊಳಗೆ ತುಂಬಿ ಅದು ಮುಚ್ಚಿಹೋಗದಂತೆ ಕಾಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಬಳಕೆಯಲ್ಲಿದ್ದ ವಿಧಾನದ ವಂಶಕ್ಕೆ ಇದು ಸೇರಿದ್ದು. ಆ ಜಾತಿಯ ಮಣಿಗಳು ಹಡಗು ಹತ್ತಿ ಆಗ್ನೇಯ ಏಷ್ಯಾ, ಪೂರ್ವ ಆಫ್ರಿಕಾದವರೆಗೂ ಹೋಗಿವೆ.

ಎತ್ತಿನ ಬೆನ್ನಿನಿಂದ ಕಾಂಚಳಿಗೆ

ಲಂಬಾಣಿಗರು ದವಸ, ಉಪ್ಪು ಹೇರಿದ ಎತ್ತಿನ ಹಿಂಡು ಹೊಡೆದುಕೊಂಡು ದೇಶ ಸುತ್ತಿದವರು. ದಂಡು ಹೊರಟರೆ ಅದಕ್ಕೆ ಕಾಳು ಒದಗಿಸುತ್ತಿದ್ದವರೂ ಅವರೇ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ರೈಲು ಬಂತು, ಗಾಡಿ ರಸ್ತೆ ಬಂತು. ಎತ್ತಿನ ಹೇರಿಗೆ ಕೆಲಸ ಇಲ್ಲವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಾಲದಲ್ಲಿ ಅಲೆಮಾರಿಗಳೆಲ್ಲ ಸರ್ಕಾರದ ಕಣ್ಣಿಗೆ ಶಂಕಿತರಾದರು. ತಾಂಡಾಗಳು ಊರಂಚಿಗೆ ನೆಲೆ ನಿಂತವು.

ಆ ಅಲೆದಾಟದ ಕಥೆಯನ್ನು ಲಂಬಾಣಿ ಹೆಣ್ಣಿನ ಉಡುಪಿನಲ್ಲೇ ಓದಬಹುದು. ಮೇಲಿನ ಕಾಂಚಳಿ, ಕೆಳಗಿನ ಫೇಟಿಯಾ, ತಲೆಗೆ ಹೊದೆಯುವ ಛಾಂಟಿಯಾ: ಎಲ್ಲದರ ಮೇಲೂ ಪೇಟೆಯಿಂದ ಪೇಟೆಗೆ ಸಾಗಿದವರ ಕೈಗೆ ಸಿಕ್ಕ ಸಾಮಾನು. ಕವಡೆ ಮಾಲ್ಡೀವ್ಸ್ ಕಡಲಿನದು; ಬಂಗಾಳ, ಒಡಿಶಾಗಳಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಅದು ಚಿಲ್ಲರೆ ಹಣ. ನಾಣ್ಯವಂತೂ ಹಣವೇ. ಕನ್ನಡಿ, ಗಾಜಿನ ಮಣಿ, ಸೀಸದ ಗುಂಡು ಸಂತೆಯವು. ವ್ಯಾಪಾರದಲ್ಲಿ ಓಡಾಡಬೇಕಾದ ಕವಡೆಯನ್ನು, ನಾಣ್ಯವನ್ನು ಹೆಣ್ಣುಮಕ್ಕಳು ಬಟ್ಟೆಗೆ ಹೊಲಿದು ನಿಲ್ಲಿಸಿದರು. ಬಂಡವಾಳ ಒಡವೆಯಾಯಿತು, ಕಷ್ಟಕಾಲಕ್ಕೆ ಬಿಚ್ಚಿಕೊಳ್ಳಲೂ ಬಂತು.

ಕೀಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೊ, ಪೋತೆ, ನಕ್ರಾ ಎಂದು ಹೊಲಿಗೆಗಳಿಗೆ ಒಂದೊಂದು ಹೆಸರು. ಹೊಲಿಗೆ ಗೆರೆ ಹಾಕುತ್ತದೆ, ಚೌಕ ತುಂಬುತ್ತದೆ. ಕನ್ನಡಿ, ಕವಡೆ, ಮಣಿ ಆ ಗೆರೆಗಳ ಕೂಡುವ ತಾವಿನಲ್ಲಿ, ಅಂಚಿನಲ್ಲಿ, ಗೊಂಡೆಯ ತುದಿಯಲ್ಲಿ ಕೂರುತ್ತವೆ. ಅಂಚಿಗೇ ಭಾರ ಯಾಕೆ? ನಡೆದಾಗ ಬಟ್ಟೆ ಹಾರದೆ ನೆಟ್ಟಗೆ ಬೀಳಲಿ ಎಂದು, ಹೆಜ್ಜೆಗೊಂದು ಸದ್ದು ಬರಲಿ ಎಂದು. ಕೊಡ ಹೊರುವ ಸಿಂಬಿಗೂ ಕವಡೆ, ಎತ್ತಿನ ಹಣೆಗೂ ಕವಡೆ. ಹಿಂಡಿನ ಮುಂದಾಳು ಎತ್ತಿಗೆ ಮಾಡಿದ ಸಿಂಗಾರಕ್ಕೂ ಮನೆಯೊಡತಿಯ ಉಡುಪಿಗೂ ಒಂದೇ ಕೈ, ಒಂದೇ ಸೂಜಿ.

ದಂತದ ಬಳೆ ಹೋಗಿ ಪ್ಲಾಸ್ಟಿಕ್ ಬಂತು, ಬೆಳ್ಳಿ ಹೋಗಿ ಗಿಲೀಟು ಬಂತು. ಇದನ್ನು ಅವನತಿ ಎನ್ನುವವರಿದ್ದಾರೆ. ಕಡಲಿನ ಕವಡೆಯನ್ನು, ಊರೂರಿನ ನಾಣ್ಯವನ್ನು ಒಳಗೆ ಬಿಟ್ಟುಕೊಂಡ ಕಲೆ ಪ್ಲಾಸ್ಟಿಕ್ ಮಣಿಯನ್ನು ಹೊರಗಿಟ್ಟರೆ ಅದು ತನ್ನ ಸ್ವಭಾವಕ್ಕೇ ವಿರುದ್ಧ. ಕೇಳಬೇಕಾದದ್ದು ಬೇರೆ: ಹೊಸ ಸಾಮಾನು ಹಳೇ ಎಣಿಕೆಯೊಳಗೆ ಕೂತಿತೇ, ಒಗೆದರೆ ಬಣ್ಣ ಬಿಡುತ್ತದೆಯೇ, ಹತ್ತು ವರ್ಷ ಬಾಳುತ್ತದೆಯೇ?

ಕಲ್ಲಿನ ಮಣಿಸಾಲು, ಕಣದ ಕೆಂಪು

ಕುರುಗೋಡಿನಲ್ಲಿ ಕೂತು ಮಣಿ ಪೋಣಿಸುವವರಿಗೆ ಮಾದರಿಯ ಪುಸ್ತಕ ಊರಲ್ಲೇ ಇದೆ. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದರು ಆಳಿದ ನೆಲ ಇದು. ಬೆಟ್ಟದ ಬುಡದಲ್ಲಿ ಹಳೇ ಗುಡಿಗಳ ಗುಂಪು ಉಳಿದಿದೆ. ಚಾಲುಕ್ಯ ಶೈಲಿಯ ಕಂಬಗಳಲ್ಲಿ, ಬಾಗಿಲವಾಡಗಳಲ್ಲಿ ಶಿಲ್ಪಿಗಳು ಕಲ್ಲಿನಲ್ಲೇ ಮಣಿ ಪೋಣಿಸಿದ್ದಾರೆ: ಜೋತುಬಿದ್ದ ಸರ, ಸರ ಸೇರುವಲ್ಲಿ ಒಂದು ಕುಚ್ಚು, ಮತ್ತೆ ಸರ. ಬಾಗಿಲ ತೋರಣದ ಕಟ್ಟಡವೂ ಇದೇ. ಸರದ ನಡುವಿಗೆ ಬಂದಂತೆ ಮಣಿ ದಪ್ಪವಾಗುವುದು, ಎರಡು ಸರದ ನಡುವೆ ಖಾಲಿ ಜಾಗ ಬಿಡುವುದು, ಇವೆರಡನ್ನು ಈ ಕಂಬಗಳಿಂದ ಕಲಿಯಬಹುದು. ಹೊಸದಾಗಿ ಕಲಿತವರ ಕೆಲಸ ಸಾಮಾನ್ಯವಾಗಿ ಸೋಲುವುದು ಆ ಖಾಲಿ ಬಿಡುವ ಧೈರ್ಯ ಇಲ್ಲದೆ. ಹಳೇ ಬಳ್ಳಾರಿ ಜಿಲ್ಲೆಯ ಕುರುವತ್ತಿಯ ಮದನಿಕೆಯರ ಕೊರಳು, ಸೊಂಟ, ತೋಳು ನೋಡಿದರೆ ಒಡವೆಯ ವಿನ್ಯಾಸಕ್ಕೆ ಒಂದು ಸಂಪುಟವೇ ಸಿಗುತ್ತದೆ.

ದೊಡ್ಡಬಸವೇಶ್ವರನ ಊರಿದು. ಏಕಶಿಲೆಯ ದೊಡ್ಡ ಬಸವಣ್ಣ ಇಲ್ಲಿ ಗರ್ಭಗುಡಿಯಲ್ಲೇ ಕೂತು ಪೂಜೆ ಪಡೆಯುತ್ತಾನೆ. ಊರಿನ ಎತ್ತುಗಳಿಗೂ ಆ ಗೌರವದಲ್ಲಿ ಪಾಲುಂಟು. ಕಾರಹುಣ್ಣಿಮೆಗೆ ಹಣೆಕಟ್ಟು, ಕೊರಳಿಗೆ ಗೆಜ್ಜೆಸರ, ಕೊಂಬಿಗೆ ಕೋಡಣಸು, ಬೆನ್ನಿಗೆ ಜೂಲು. ಜಾತ್ರೆಯಲ್ಲಿ ಎತ್ತಿನ ಸಾಮಾನಿನ ಅಂಗಡಿ ಸಾಲನ್ನು ನೋಡಿದವರಿಗೆ ಗೊತ್ತು, ಬಣ್ಣ ಹೊಂದಿಸುವ ಧಾರಾಳ ಅಲ್ಲಿದೆ: ಗುಲಾಬಿಯ ಪಕ್ಕ ಕಿತ್ತಳೆ, ಅದರ ಪಕ್ಕ ಗಿಣಿಹಸಿರು. ದೂರದಿಂದ ಹೋರಿ ಗುರುತು ಸಿಗಬೇಕೆಂದು ಹುಟ್ಟಿದ ಬಣ್ಣಗಾರಿಕೆ ಅದು.

ಹೊಲವೂ ಬಣ್ಣ ಕೊಡುತ್ತದೆ. ಕುರುಗೋಡಿನ ಕಡೆ ಕೊಯ್ಲಿನ ನಂತರ ಕಣದಲ್ಲಿ ಹರಡಿದ ಮೆಣಸಿನಕಾಯಿ, ಸಿರುಗುಪ್ಪದ ಕಡೆ ತುಂಗಭದ್ರೆಯ ಕಾಲುವೆ ಉಣ್ಣಿಸಿದ ಭತ್ತ, ನಡುನಡುವೆ ಎರೆಯ ಕಪ್ಪು, ಹತ್ತಿಯ ಬಿಳುಪು. ಮೆಣಸಿನಕಾಯಿ ಒಣಗಿದಂತೆಲ್ಲ ಕೆಂಪು ಕಡುವಾಗುತ್ತ ಹೋಗುತ್ತದೆ. ಮಣಿಯಲ್ಲಿ ಒಂದೇ ಕೆಂಪು ತಂದರೆ ಚಪ್ಪಟೆ. ಮೂರು ಕೆಂಪು ತಂದು ಬೆರೆಸಿದರೆ ಕಣದ ರಾಶಿಗಿರುವ ಆಳ ಬರುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡ ಹತ್ತಬೇಕು. 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ಬಂಡೆಗಳ ನಡುವಿನ ಸಮತಟ್ಟಿನಲ್ಲಿ ನವಶಿಲಾಯುಗದ ದುಂಡು ಗುಡಿಸಲುಗಳ ಗುರುತು ಸಿಕ್ಕವು. ಸಿಕ್ಕ ಸಾಮಾನಿನಲ್ಲಿ ಮಣಿಗಳೂ ಇದ್ದವು, ಚಿನ್ನದ ಪುಟ್ಟ ಆಭರಣವೂ ಇತ್ತು. ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆ, ದನ ಸಾಕಿಕೊಂಡು ಕಲ್ಲಿನ ಕೊಡಲಿ ಉಜ್ಜುತ್ತಿದ್ದ ಜನ ಮಣಿಗೆ ತೂತು ಕೊರೆಯಲು ಹೊತ್ತು ಮಾಡಿಕೊಂಡಿದ್ದರು. ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳೂ ಅದೇ ಕಾಲದ ನೆಲೆಗಳು. ನಗರದಲ್ಲಿ ಅವುಗಳಿಗಾಗಿಯೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಮಣಿ ಕೆಲಸ ಮಾಡುವವರು ಅಲ್ಲಿ ಕಳೆಯುವ ಒಂದು ಮಧ್ಯಾಹ್ನ ವ್ಯರ್ಥವಾಗದು.

ಮುತ್ತಿಗೆ ಇನ್ನೊಂದು ಮುಖ

ಈ ಸೀಮೆಯಲ್ಲಿ ಮಣಿಯ ಮಾತು ಬರೀ ಚೆಲುವಿನ ಮಾತಾಗಿ ಮುಗಿಯುವಂತಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಕೆಂಪು ಬಿಳಿ ಮಣಿಯ ಸರವನ್ನು ಹೆಣ್ಣುಮಕ್ಕಳ ಕೊರಳಿಗೆ ಹಾಕಿ ಅವರನ್ನು ದೇವದಾಸಿಯರಾಗಿ ಬಿಡುವ ಪದ್ಧತಿಗೆ ಮುತ್ತು ಕಟ್ಟುವುದು ಎನ್ನುತ್ತಾರೆ. ಬಡ ದಲಿತ ಮನೆಗಳ ಎಷ್ಟೋ ಹುಡುಗಿಯರ ಬಾಳು ಆ ಸರದಲ್ಲಿ ಸಿಕ್ಕಿಕೊಂಡಿತು. ಕರ್ನಾಟಕದಲ್ಲಿ 1982ರ ಕಾಯ್ದೆ ದೇವದಾಸಿ ಬಿಡುವುದನ್ನು ಅಪರಾಧವೆಂದು ಸಾರಿತು. ಅದೇ ಎಲ್ಲಮ್ಮನ ಪರಂಪರೆಯ ಕವಡೆಸರ, ಕುಣಿತ, ಹಾಡುಗಳನ್ನು ಹಿಡಿದುಕೊಂಡು ಮೇಲೆದ್ದವರೂ ಇದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಯಾರು ಪೋಣಿಸಿದರು, ಯಾರು ಕಟ್ಟಿದರು, ಕಟ್ಟಿಸಿಕೊಂಡವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇತ್ತೇ ಎಂಬುದರ ಮೇಲೆ ಒಂದೇ ಸರದ ಅರ್ಥ ಬದಲಾಗುತ್ತದೆ. ಜಾನಪದದಿಂದ ಸ್ಫೂರ್ತಿ ಪಡೆದೆ ಎನ್ನುವ ಇಂದಿನ ವಿನ್ಯಾಸಕಾರರು ಕೆಂಪು ಬಿಳಿ ಸರವನ್ನು ಫ್ಯಾಷನ್ ಮಾಡುವ ಮುಂಚೆ ಇದನ್ನು ತಿಳಿದಿರಬೇಕು.

ಕುಂತು ಮಾಡೋ ಕೆಲಸದ ಬೆಲೆ

ಬೆಲೆ ಕೇಳಿದವರ ಬಾಯಿಂದ ಬರುವ ಮಾತು ಒಂದೇ: "ಕುಂತು ಮಾಡೋ ಕೆಲಸಕ್ಕೆ ಇಷ್ಟ್ಯಾಕವ್ವಾ?" ಪಡಸಾಲೆಯೇ ಕಾರ್ಯಾಗಾರವಾದಾಗ ಆಗುವ ನಷ್ಟ ಇದು. ಬಾಡಿಗೆ ಕಾಣುವುದಿಲ್ಲ, ಕರೆಂಟು ಬಿಲ್ಲು ಮನೆಯದೇ, ಹೊತ್ತು ಅಡುಗೆಯ ನಡುವಿನದು. ಹಾಗಾಗಿ ಕೊಳ್ಳುವವರೂ, ಎಷ್ಟೋ ಸಲ ಮಾಡುವವರೂ ಮಣಿಯ ದುಡ್ಡು, ದಾರದ ದುಡ್ಡನ್ನಷ್ಟೇ ಕೂಡುತ್ತಾರೆ.

ಕಾನೂನು ಈ ಕೆಲಸವನ್ನು ಅರ್ಧ ಕಣ್ಣಿನಿಂದ ನೋಡಿದೆ. ಮನೆಯಲ್ಲಿ ಕೂತು ದುಡಿಯುವವರ ಹಕ್ಕಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆ ತಂದಿತು. ಭಾರತ ಅದನ್ನು ಅನುಮೋದಿಸಿಲ್ಲ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಗೃಹಾಧಾರಿತ ಕಾರ್ಮಿಕರನ್ನು ಹೆಸರಿಸಿತು, ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ; ಕಸೂತಿಯವರು, ಮಣಿ ಕೆಲಸದವರು ಇಲ್ಲ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆ ಮಾನ್ಯತೆ ಹೆಸರನ್ನು ನಕಲಿನಿಂದ ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ.

ಕೂಲಿ ಕಾಯುವ ಲೆಕ್ಕ ಕಷ್ಟದ್ದೇನಲ್ಲ. ಸಾಮಾನಿನ ಖರ್ಚು ಒಂದು ಕಡೆ ಬರೆಯಿರಿ. ಹಿಡಿದ ಗಂಟೆಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡು, ಊರಿನ ಹೊಲದ ಕೂಲಿಯ ದರದಿಂದ ಗುಣಿಸಿ ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಕೂಡಿದರೆ ಬರುವುದು ಅಸಲು. ಲಾಭ ಅದರ ಮೇಲಿನದು. ಹೀಗೆ ಲೆಕ್ಕ ಹಾಕಿದರೆ ಕೆಲವು ವಸ್ತುಗಳು ಮಾರಾಟಕ್ಕೆ ಆಗಿಬರುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಇಡೀ ಬಾಗಿಲ ತೋರಣ ಮಗಳ ಮನೆಗೆ ಉಳಿಯಲಿ. ಸಂತೆಗೆ ಕೈಚೀಲದ ಒಂದು ಪಟ್ಟಿ, ಕಿವಿಯೋಲೆ, ದಿಂಬಿನ ಅಂಚು ಹೋಗಲಿ. ಕೊಳ್ಳುವವರ ಪಾಲಿನ ಕೆಲಸವೂ ಚಿಕ್ಕದೇ. ಚೌಕಾಶಿಗೆ ಇಳಿಯುವ ಮುಂಚೆ ಒಂದು ಅಂಗುಲದಲ್ಲಿ ಎಷ್ಟು ಮಣಿ ಇವೆ ಎಂದು ಎಣಿಸಿ ನೋಡಿ, ಎಷ್ಟು ದಿನ ಹಿಡಿಯಿತವ್ವಾ ಎಂದು ಕೇಳಿ. ಮಾರುವ ಕೇಂದ್ರಗಳು ಬೆಲೆಯ ಚೀಟಿಯಲ್ಲಿ ಊರಿನ ಹೆಸರಿನ ಜೊತೆಗೆ ಹಿಡಿದ ಗಂಟೆಗಳನ್ನೂ ಅಚ್ಚು ಹಾಕಿಸಿದರೆ ಆ ಪ್ರಶ್ನೆ ಕೇಳುವ ಅಗತ್ಯವೂ ಬೀಳುವುದಿಲ್ಲ.